ಲಾಂಚಿನ ಗಂಟು

ರೀ,

ಅಂಗನವಾಡಿ ಟೀಚರುಗಳ ತರಬೇತಿಗೆ ಅಂತ ಆರು ಗಂಟೆ ಬಸ್ಸಿಗೆ ಸಾಗರಕ್ಕೆ ಹೊರಟೆ. ನಿಮಗೆ ಲಾಂಚಿನ ಕೆಲಸಕ್ಕೆ ರಜೆ ಇದೆಯಲ್ಲ, ಇವತ್ತು ತನುಗೆ ಜಡೆ ಹಾಕೋ ಕೆಲಸ ನಿಮ್ಮದು.

ಮೊದಲು ಎಣ್ಣೆ ಹಚ್ಚಿ. ಅಂಗೈಗೆ ನಾಲ್ಕು ಹನಿ ಸಾಕು, ಎಂಜಿನ್ನಿಗೆ ಹೊಯ್ದಂಗೆ ಹೊಯ್ಯಬೇಡಿ. ಬೈತಲೆ ಮೂಗಿನ ನೇರಕ್ಕೆ ಬರಬೇಕು, ಕಿವಿ ನೇರಕ್ಕಲ್ಲ. ಎರಡು ಜಡೆ ಹೆಣೆದು ಮಡಚಿ ಕಟ್ಟಿ. ಹಳೆ ಸೀರೆ ಅಂಚಲ್ಲಿ ಹೂವು ಮಾಡಿ ಕ್ಲಿಪ್ಪಿಗೆ ಹೊಲಿದಿದೀನಿ, ಕನ್ನಡಿ ಹತ್ರ ಇದೆ. ಅದು ತಲೆಗೆ ಸಿಕ್ಕಿಸೋದು. ಹೇಳದಿದ್ರೆ ಬ್ಯಾಗಿಗೆ ಸಿಕ್ಕಿಸಿ ಕಳಿಸ್ತೀರಿ.

ರಿಬ್ಬನ್ನಿಗೆ ಚಿಟ್ಟೆ ಗಂಟು ಹಾಕಿ, ತುದಿ ಎಳೆದ್ರೆ ಬಿಚ್ಚಬೇಕು. ಹೊಳೆಬಾಗಿಲು ಕಡವಲ್ಲಿ ಲಾಂಚ್ ಕಟ್ಟೋ ಗಂಟನ್ನ ಏಳು ವರ್ಷದ ಹುಡುಗಿ ಜಡೆಗೆ ಹಾಕೋರು ಈ ಸೀಮೆಯಲ್ಲೇ ನೀವೊಬ್ರು ಮಾರಾಯ್ರೇ! ಅವಳೇನು ಹೊಳೆಯಲ್ಲಿ ತೇಲಿ ಹೋಗ್ತಿದ್ಲಾ? ಸೋಮವಾರ ನೀವು ಕಟ್ಟಿದ್ದನ್ನ ಬಿಚ್ಚಕ್ಕಾಗದೆ ರಿಬ್ಬನ್ನಿಗೇ ಕತ್ತರಿ ಹಾಕಿದೆ. ಅವಳು ಅತ್ತಿದ್ದು ನೋವಿಗೆ ಅಂದ್ಕೊಂಡೆ.

ನಿನ್ನೆ ಅವಳ ಪೆನ್ಸಿಲ್ ಡಬ್ಬಿ ತೆಗೆದ್ರೆ ಆ ಗಂಟು ಒಳಗಿದೆ. "ಅಪ್ಪ ಕಟ್ಟಿದ್ದು, ಅಮ್ಮ, ಎಷ್ಟು ಓಡಿದ್ರೂ ಬಿಚ್ಚಲ್ಲ" ಅಂದ್ಲು. ಮೂರು ವರ್ಷದಿಂದ ದಿನಾ ಚಿಟ್ಟೆ ಕಟ್ತಿದೀನಿ, ಒಂದನ್ನೂ ಅವಳು ಎತ್ತಿಟ್ಟಿಲ್ಲ.

ಅದಕ್ಕೇ ಎಡಗಡೆ ಜಡೆಗೆ ಚಿಟ್ಟೆ ಗಂಟು ಹಾಕಿ. ಬಲಗಡೆಗೆ ನಿಮ್ಮ ಆ ದರಿದ್ರದ ಗಂಟೇ ಇರಲಿ. ಸಂಜೆ ಬಂದು ನಾನೇ ಬಿಚ್ತೀನಿ, ಕತ್ತರಿ ಮುಟ್ಟದೆ.

ಶ್ಯಾಮಲಾ