ಸರೋವರಕ್ಕೆ ಒಂದು ಸುತ್ತು

ಸವೊನ್ಲಿನ್ನ, ಅಕ್ಟೋಬರ್ 19

ಅಪ್ಪಾ,

ಇದನ್ನು ಹೇಳದೆಯೇ ಇದ್ದುಬಿಡುವವಳಿದ್ದೆ. ಹೋದ ವರ್ಷ ನೀನು ಸರೋವರಕ್ಕೆ ಒಂದು ಸುತ್ತು ಹೋಗೋಣವೆಂದಾಗ, ಚಳಿಗೆ ಕೆಡದಂತೆ ಕಾರಿನ ಬ್ಯಾಟರಿ ಬಿಚ್ಚಿಟ್ಟಾಗಿದೆ, ವಸಂತದಲ್ಲಿ ನೋಡೋಣ ಎಂದೆ. ಆಗಿನ್ನೂ ಬಿಚ್ಚಿರಲಿಲ್ಲ. ವಸಂತಕ್ಕೆ ನೀನಿರಲಿಲ್ಲ.

ಇವತ್ತು ನಿನ್ನ ಕಾರನ್ನು ಚಳಿಗಾಲಕ್ಕೆಂದು ಕೊಟ್ಟಿಗೆಗೆ ಸೇರಿಸಿದೆ. ಟ್ಯಾಂಕ್ ತುಂಬಿಸಿ, ಇಲಿ ನುಗ್ಗದಂತೆ ಸೈಲೆನ್ಸರಿಗೆ ಪಾತ್ರೆ ತಿಕ್ಕುವ ತಂತಿಯ ನಾರು ತುರುಕಿದೆ. ಸೀಟು ಇನ್ನೂ ನಿನ್ನ ಕಾಲಳತೆಗೇ ಇದೆ. ಅಂಚಿನಲ್ಲಿ ಕೂತು ಓಡಿಸಿದೆ. ಪಕ್ಕದ ಮನೆಯ ಔಲಿಕ್ಕಿ ನಕ್ಕರು.

"ಏನೇ ಸಾತು, ಅಪ್ಪನ ತೊಡೆ ಮೇಲೆ ಕೂತಿದ್ದೀಯಾ? ಸೀಟು ಮುಂದಕ್ಕೆ ಎಳ್ಕೊಳ್ಳೇ!"

"ಇರ್ಲಿ ಬಿಡಿ ಅಕ್ಕ."

ಬಿಳಿ ಹೊದಿಕೆಯೊಳಗೆ ಕಾರು ಆಗಲೇ ಹಿಮದಡಿ ಮಲಗಿದಂತಿದೆ. ಬ್ಯಾಟರಿ ಅಡುಗೆಮನೆಯಲ್ಲಿ, ನಿನ್ನ ಕುರ್ಚಿಯ ಕೆಳಗೆ ಬೆಚ್ಚಗಿದೆ. ಈ ಸಲ ನಿಜವಾಗಿಯೂ ಬಿಚ್ಚಿದ್ದೇನೆ.

ಹಿಮ ಕರಗಿದ ಮೇಲೆ ಸರೋವರ ಸುತ್ತಿಕೊಂಡು ಹೋಗಿ, ಆಚೆ ದಡದ ಅಂಚೆಪೆಟ್ಟಿಗೆಗೆ ಈ ಕಾಗದ ಹಾಕುತ್ತೇನೆ. ಮೇ ಒಂದನೇ ತಾರೀಖಿಗೆ, ಖಂಡಿತ.