ನಾಳೆ ಆ ಫೋಟೊ ತೆಗೆಸಿಕೊಳ್ಳಬೇಡಿ

ಪರಾಭವ ಸಂವತ್ಸರದ ಶ್ರಾವಣ. ನಿಮ್ಮ ಪರಾಭವವಲ್ಲ, ಅದಾದ ಮೇಲೆ ಅರವತ್ತು ವರ್ಷಗಳ ಚಕ್ರ ಮೂರು ಸುತ್ತು ತಿರುಗಿ ಬಂದಿರುವುದು.

ಧಾರಾವಾಹಿ ನಟಿ ಸರ್ವಮಂಗಳಾ ಅಜ್ಜಿಯವರಿಗೆ, ನಿಮ್ಮ ಮರಿಮಗಳ ಮೊಮ್ಮಗಳು ನೇಸರಾ ಮಾಡುವ ನಮಸ್ಕಾರಗಳು. ಐವತ್ತೆರಡಕ್ಕೇ ಅಜ್ಜಿ ಎನ್ನುತ್ತಿದ್ದೇನೆಂದು ಸಿಟ್ಟಾಗಬೇಡಿ, ನನಗೂ ಈಗ ಅಷ್ಟೇ ವಯಸ್ಸು. ನಮ್ಮ ಕೆಲವು ಮಾತುಗಳು ನಿಮ್ಮ ಕಾಲದಲ್ಲಿ ಇನ್ನೂ ಹುಟ್ಟಿಲ್ಲ; ವಿಚಿತ್ರವೆನಿಸಿದರೆ ಮನ್ನಿಸಿ.

ನಾನೂ ನಟಿ. ಇಲ್ಲಿ ರಾತ್ರಿಯೂಟ ಮುಗಿಸಿ ಬೀದಿಯವರೆಲ್ಲ ಚಾಪೆ ಹಾಸಿ ಕೂತರೆ ಬೆಳಕಿನಲ್ಲಿ ಮೂಡಿದ ಪಾತ್ರಗಳು ನಮ್ಮ ನಡುವೆಯೇ ಓಡಾಡುತ್ತವೆ. ಮಕ್ಕಳು ಅವುಗಳ ಸೆರಗು ಹಿಡಿಯಲು ಹೋಗಿ ಬರಿಗೈಯಲ್ಲಿ ವಾಪಸಾಗುತ್ತಾರೆ. ಇದಕ್ಕೆ ಅಂಗಳದಾಟ ಎಂದು ಹೆಸರು. ಹೊಸ ಪಾತ್ರ ಕಟ್ಟುವ ಮುನ್ನ ಹಳೆಯ ಸಿನಿಮಾ, ಧಾರಾವಾಹಿಗಳಿಂದ ಅಂಥವರೇ ಒಬ್ಬರನ್ನು, ಆಟಕ್ಕೆ ಒಪ್ಪಿಗೆ ಕೊಡುವ ಸಭೆಗೆ ತೋರಿಸಬೇಕು. ಅದನ್ನು ಮೇಲ್ಪಂಕ್ತಿ ಎನ್ನುತ್ತೇವೆ. ಅದಿಲ್ಲದಿದ್ದರೆ ಸಭೆ ಒಪ್ಪುವುದಿಲ್ಲ.

ನಾನು ಆಡಬೇಕೆಂದಿರುವುದು ದೋಣಿ ನಡೆಸುವ ನನ್ನ ವಯಸ್ಸಿನ ಹೆಂಗಸಿನ ಪಾತ್ರ. ಜಗಳಗಂಟಿ, ಗಹಗಹಿಸಿ ನಗುವವಳು, ಈ ವಯಸ್ಸಿನಲ್ಲೂ ಒಬ್ಬನ ಮೇಲೆ ಮನಸ್ಸಿಟ್ಟವಳು. ಮೇಲ್ಪಂಕ್ತಿ ಹುಡುಕಿ ಹುಡುಕಿ ಸೋತೆ. ನಿಮ್ಮ ಕಾಲದಲ್ಲಿ ಐವತ್ತು ದಾಟಿದ ಗಂಡಸರು ಕುಣಿಯುತ್ತಾರೆ, ಹೊಡೆದಾಡುತ್ತಾರೆ, ಮಗಳ ವಯಸ್ಸಿನವಳ ಹಿಂದೆ ಬೀಳುತ್ತಾರೆ. ಅವರ ಓರಗೆಯ ಹೆಂಗಸರು ಮಾತ್ರ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ಅಬ್ಬಬ್ಬಾ, ಎಷ್ಟು ಬಾಗಿಲು, ಎಷ್ಟು ಕಾಫಿ!

ಕೊನೆಗೆ ನೀವು ಸಿಕ್ಕಿರಿ. ಒಂದು ಧಾರಾವಾಹಿಯ ಮನೆಯಲ್ಲಿ, ಗೋಡೆಯ ಮೇಲಿನ ಫೋಟೊದಲ್ಲಿ, ಹಾರದ ಹಿಂದೆ. ನಮ್ಮ ಮನೆಯಲ್ಲಿ ಆ ಫೋಟೊದ ಕಥೆ ಬಾಯಿಂದ ಬಾಯಿಗೆ ಬಂದಿದೆ. ನೀವು ಆಡುತ್ತಿದ್ದ ಅಮ್ಮನ ಪಾತ್ರ ಹಳೆಯ ಗೆಳತಿಯರ ಜೊತೆ ನಗುನಗುತ್ತಾ ಪ್ರವಾಸ ಹೊರಡುವ ದೃಶ್ಯವನ್ನು ನಿಮಗೆ ಕೊಡುತ್ತೇವೆಂದಿದ್ದರು. ಆಮೇಲೆ ನಿರ್ದೇಶಕರು, "ಅದೆಲ್ಲ ಬೇಡ ಮೇಡಂ, ಅಮ್ಮನ ಕಥೆ ಯಾರ್ ನೋಡ್ತಾರೆ? ಒಂದು ಫೋಟೊ ತೆಗೆಸ್ಕೊಂಡ್ಬಿಡಿ, ಸಾಕು" ಎಂದು ಆ ಪಾತ್ರವನ್ನೇ ಸಾಯಿಸಿಬಿಟ್ಟರು. ನೀವು ಮಗಳಿಗೆ ಹೇಳಿದ್ದಿರಂತೆ: "ಪ್ಲಾಸ್ಟಿಕ್ ಹಾರ ಕಣೇ. ಅದರ ಧೂಳು ಕೂಡ ಯಾರೂ ಒರೆಸ್ಲಿಲ್ಲ."

ಆ ಫೋಟೊ ತೆಗೆಸಿಕೊಂಡ ದಿನ ನಿಮಗೆ ನಾಳೆ. ಮೊದಲು ಕಾಫಿ ಕೊಟ್ಟು ಒಳಗೆ ಹೋಗುವ ದೃಶ್ಯ, ಆಮೇಲೆ ಫೋಟೊ. ಅಜ್ಜಿ, ಒಳಗೆ ಹೋಗಬೇಡಿ. ತಟ್ಟೆಯನ್ನು ಮೇಜಿನ ಮೇಲಿಟ್ಟು, ಕೊಡುತ್ತೇವೆಂದು ಕೊಡದೆ ಹೋದ ಆ ದೃಶ್ಯವನ್ನು ಅಲ್ಲೇ ಆಡಿಬಿಡಿ. ಕಟ್ ಎಂದರೂ ನಿಲ್ಲಿಸಬೇಡಿ. ಅವರು ಪ್ರಸಾರ ಮಾಡದಿದ್ದರೆ ಬೇಡ. ಚಿತ್ರೀಕರಿಸಿದ್ದು ಎಲ್ಲೋ ಉಳಿದಿರುತ್ತದೆ, ಹುಡುಕಿ ತೆಗೆಯುವುದು ನನಗಿರಲಿ.

ಸೋಮವಾರ ಸಭೆ. ನೀವು ಸಿಕ್ಕರೆ ನಿಮ್ಮನ್ನೇ ತೋರಿಸುತ್ತೇನೆ. ಸಿಗದಿದ್ದರೆ ಮೇಲ್ಪಂಕ್ತಿಯಿಲ್ಲದೆಯೇ ಅಂಗಳಕ್ಕಿಳಿಯುತ್ತೇನೆ, ಏನು ಮಾಡಿಕೊಳ್ಳುತ್ತಾರೋ ಮಾಡಿಕೊಳ್ಳಲಿ. ನನ್ನ ಮರಿಮಗಳು ನನ್ನನ್ನು ಗೋಡೆಯ ಮೇಲೆ ಹುಡುಕುವಂತಾಗಬಾರದು.

ಆದರೂ ನಾಳೆ ಒಮ್ಮೆ ನಕ್ಕುಬಿಡಿ ಅಜ್ಜಿ. ನೀವು ನಗುವುದನ್ನು ನಾನು ನೋಡಿಯೇ ಇಲ್ಲ.

ನಿಮ್ಮ
ನೇಸರಾ