ಅತ್ತೆ ಮುಟ್ಟದ ತಂಬಿಗೆ ನೀರು

ಉಣಕಲ್, ಹುಬ್ಬಳ್ಳಿ
೧೨ ಫೆಬ್ರುವರಿ ೨೦೨೫, ಬುಧವಾರ

ನನ್ನ ಪ್ರೀತಿಯ ಅವ್ವಾ,

ನಿನ್ನ ಮೊಣಕಾಲು ಈಗ ಹೇಗಿದೆ? ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕೂಡುತ್ತೀಯೋ, ಇಲ್ಲ ಹಚ್ಚಿದೆ ಎಂದು ಅಪ್ಪನಿಗೆ ಹೇಳಿ ಬಾಟಲಿಯನ್ನು ಕಪಾಟಿನಲ್ಲಿ ಇಟ್ಟುಬಿಡುತ್ತೀಯೋ? ಇಲ್ಲಿ ಯೋಗೀಶನಿಗೆ ಕೆಳಗಿನ ಎರಡು ಹಲ್ಲು ಬಂದಿವೆ. ಬರುವ ಮೊದಲು ಯಾಕೆ ಬರಲಿಲ್ಲ ಎಂದು ಚಿಂತೆ ಮಾಡಿದೆ, ಬಂದ ಮೇಲೆ ಯಾಕಿಷ್ಟು ಲಗೂ ಬಂದವು ಎಂದು ಚಿಂತೆ ಮಾಡಿದೆ. ಅವನು ಅಳುತ್ತಿದ್ದರೆ ನಿದ್ದೆ ಇಲ್ಲ, ಅಳದಿದ್ದರೆ ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳು ಹಿಡಿದು ಕೂಡುತ್ತೇನೆ. ನಿನ್ನ ಮಗಳು ಬಿ.ಎಸ್ಸಿ. ಓದಿ ಕಲಿತದ್ದು ಇಷ್ಟೇ.

ಫೋನ್ ಇರುವಾಗ ಪತ್ರ ಯಾಕೆ ಎನ್ನಬೇಡ. ನಮ್ಮ ಅತ್ತೆ ರತ್ನವ್ವನ ಹೆಸರು ತೆಗೆದರೆ ಸಾಕು, ನೀನು “ಆಕಿ ಮಾತು ಬಿಡು, ಕೂಸು ಏನ್ ಮಾಡಾಕತ್ತೈತಿ ಹೇಳು” ಎನ್ನುತ್ತೀ. ಪತ್ರವನ್ನು ಹಾಗೆ ನಡುವೆ ತಡೆಯಲು ಬರುವುದಿಲ್ಲ. ನನ್ನನ್ನು ನೋಡಲು ಇವರೆಲ್ಲ ನವಲಗುಂದದ ನಮ್ಮ ಮನೆಗೆ ಬಂದ ದಿನವನ್ನು ನೀನು ಮರೆತಿಲ್ಲ. ಬಾಗಿಲಲ್ಲಿ ನೀನು ಕೊಟ್ಟ ತಂಬಿಗೆ ನೀರನ್ನು ಅತ್ತೆ ಮುಟ್ಟಲಿಲ್ಲ. ಒಳಗೆ ಬಂದವರೇ ಹಿತ್ತಲು ಯಾವ ಕಡೆ ಎಂದು ಕೇಳಿದರು. ಹೊರಡುವಾಗ ನೀನು ಅವರ ಉಡಿ ತುಂಬುತ್ತಿದ್ದರೆ ನಡುವೆಯೇ ಎದ್ದು ಹೋದರು, ಸೆರಗಿನ ಅಕ್ಕಿ ನೆಲಕ್ಕೆ ಚೆಲ್ಲಿತು. “ಕನ್ಯಾ ನೋಡಾಕ ಬಂದಿದ್ಳೋ, ಹಿತ್ತಲಾ ನೋಡಾಕ ಬಂದಿದ್ಳೋ” ಎಂದೆ ನೀನು. ನಮ್ಮ ಮನೆಯ ನೀರೂ ಅವರಿಗೆ ಕೀಳಾಯಿತು ಎಂದೇ ನಾವಿಬ್ಬರೂ ನಂಬಿದೆವು. ಹುಡುಗ ಒಪ್ಪಿಗೆಯಾದ, ಮದುವೆ ಆಯಿತು, ಆದರೆ ನೀನು ಈ ಮನೆಯ ಹೊಸ್ತಿಲು ದಾಟಲಿಲ್ಲ. ಬಾಣಂತನ ಮುಗಿಸಿ ಕರೆತಂದಾಗಲೂ ಓಣಿಯ ತುದಿಯಲ್ಲೇ ಕೂಸನ್ನು ನನ್ನ ಕೈಗಿತ್ತು ಅದೇ ಆಟೋದಲ್ಲಿ ತಿರುಗಿ ಹೋದೆ. ಈಗ ಅವನ ಮೊದಲ ಕೂದಲು ತೆಗೆಸುವ ಜಾವಳಕ್ಕೂ ಬರುವುದಿಲ್ಲ ಎನ್ನುತ್ತಿದ್ದೀ.

ನಿನ್ನಲ್ಲಿಂದ ಬಂದ ಮೇಲೆ ನನಗೊಂದು ತ್ರಾಸು ಹತ್ತಿತು, ಹೇಳಿರಲಿಲ್ಲ. ಒಂದಕ್ಕೆ ಹೋಗಬೇಕು ಅನಿಸಿದರೆ ಆ ಕ್ಷಣವೇ ಓಡಬೇಕು, ತಡೆಯಲು ಆಗುತ್ತಿರಲಿಲ್ಲ. ಆ ಹೆದರಿಕೆಗೆ ನೀರು ಕುಡಿಯುವುದನ್ನೇ ಬಿಟ್ಟೆ. ಅತ್ತೆ ತುಂಬಿದ ಲೋಟ ಹಿಡಿದು ಬೆನ್ನು ಹತ್ತಿದರು. “ಕುಡಿ ವಾಣಿ, ಹಾಲು ಬತ್ತಿದ್ರ ಕೂಸಿಗೆ ಏನ್ ಕೊಡ್ತಿ?” ನಿದ್ದೆಗೆಟ್ಟ ಸಿಟ್ಟಿನಲ್ಲಿ ನಾನು, “ನೀವರ ಎಲ್ಲಿ ಕುಡೀತೀರಿ? ನಮ್ಮವ್ವ ಕೊಟ್ಟ ನೀರೂ ಕುಡೀಲಿಲ್ಲ” ಎಂದುಬಿಟ್ಟೆ. ಅತ್ತೆ ಲೋಟ ಕೆಳಗಿಟ್ಟು, “ಕುಡಿದಿದ್ರ ನಿಮ್ಮವ್ವನ ಜಮಖಾನದ ಮ್ಯಾಲೆ ನನ್ನ ಮಾನ ಹೋಗ್ತಿತ್ತವಾ” ಎಂದರು. ನಮ್ಮ ಮನೆಯವರನ್ನು ಹಡೆದಾಗಿನಿಂದ ಅತ್ತೆಗೆ ಇದೇ ಬಾಧೆ. ಮಾವನವರಿಗೂ ಹೇಳಿರಲಿಲ್ಲ. ನಮ್ಮ ಮದುವೆಯಲ್ಲಿ ಅಕ್ಕಿಕಾಳನ್ನೂ ಬಾಗಿಲ ಹತ್ತಿರ ನಿಂತೇ ಹಾಕಿದ್ದರು, ಅದನ್ನೂ ನಾವು ಸೊಕ್ಕು ಎಂದುಕೊಂಡಿದ್ದೆವು.

ನಾನೋ ಫೋನಿನಲ್ಲಿ ಓದಿ ಓದಿ ಇಬ್ಬರ ಕಿಡ್ನಿಯೂ ಹೋಯಿತೆಂದು ತೀರ್ಮಾನ ಮಾಡಿದ್ದೆ. ಕೊನೆಗೆ ಆಸ್ಪತ್ರೆಗೆ ಹೋದೆವು. ಅಲ್ಲಿ ಡಾಕ್ಟರ್ ಮುಸರತ ಎಂಬವರು ಇಂಥ ಹೆಂಗಸರ ಬಗ್ಗೆಯೇ ಸಂಶೋಧನೆ ನಡೆಸುತ್ತಿದ್ದಾರೆ. ಸಕ್ಕರೆ, ಸೋಂಕು ಎರಡೂ ಇಲ್ಲವೆಂದು ಮೊದಲು ನೋಡಿದರು. ಮೂತ್ರಚೀಲ ಅರ್ಧ ತುಂಬುವ ಮೊದಲೇ ತುಂಬಿತೆಂದು ಸುಳ್ಳು ಕೂಗು ಹಾಕುತ್ತದಂತೆ. ಓವರ್‌ಆ್ಯಕ್ಟಿವ್ ಬ್ಲ್ಯಾಡರ್ ಎಂದು ಅದರ ಹೆಸರು. “ಇದಕ್ಕ ಹೆಸರೂ ಐತೇನ್ರಿ? ಅಂದ್ರ ನನಗೊಬ್ಬಾಕಿಗೇ ಅಲ್ಲ” ಎಂದು ಅತ್ತೆ ಕುರ್ಚಿಗೆ ಒರಗಿ ಕೂತರು. ಈ ತೊಂದರೆ ಇದ್ದವರ ಮೂತ್ರದಲ್ಲಿ ನರಗಳಿಗೆ ಸಂಬಂಧಿಸಿದ ಕೆಲವು ಪ್ರೋಟೀನ್‌ಗಳು ಹೆಚ್ಚಿರಬಹುದಂತೆ. ಬಯೋಮಾರ್ಕರ್, ಅಂದರೆ ರೋಗದ ಗುರುತು. ಅದು ನಂಬುವಂಥ ಗುರುತು ಹೌದೋ ಅಲ್ಲವೋ ಇನ್ನೂ ಗಟ್ಟಿಯಾಗಿಲ್ಲ, ಅದನ್ನು ತಿಳಿಯಲಿಕ್ಕೇ ಡಾಕ್ಟರಿಗೆ ನಮ್ಮ ಮೂತ್ರ ಬೇಕಿತ್ತು.

ನಗು ಬರುವುದು ಮುಂದೆ. ಬಸ್ಸಿನಲ್ಲಿ ಫಜೀತಿ ಆದೀತೆಂದು ಅತ್ತೆ ಬೆಳಗಿನಿಂದ ಹನಿ ನೀರು ಕುಡಿದಿರಲಿಲ್ಲ. ಬಾಟಲಿ ಹಿಡಿದು ಒಳಗೆ ಹೋದವರು ಖಾಲಿ ಬಾಟಲಿಯೊಂದಿಗೇ ಹೊರಗೆ ಬಂದರು. “ಇಷ್ಟು ವರ್ಷ ಬ್ಯಾಡಂದ್ರೂ ಬರ್ತಿತ್ತು, ಇವತ್ತ ಕರದ್ರ ಬರವಲ್ದು ನೋಡ್ರಿ.” ಡಾಕ್ಟರ್ ನಕ್ಕು ನೀರು ಕೊಟ್ಟು, “ಕುಡೀರಿ ಅಮ್ಮಾರ, ಬಾತ್‌ರೂಮ್ ಇಲ್ಲೇ ಬಾಜೂಕ ಐತಿ, ಓಡಿದ್ರೂ ಯಾರೂ ನಗಂಗಿಲ್ಲ” ಎಂದರು. ಪರರ ಎದುರು ಅತ್ತೆ ಗಟಗಟ ನೀರು ಕುಡಿದದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. “ನನ್ನ ಉಚ್ಚಿಯಿಂದ ಯಾರಿಗೆ ಏನ್ ಉಪಯೋಗರಿ?” ಎಂದು ಕೇಳಿದ್ದಕ್ಕೆ ಡಾಕ್ಟರ್, “ಮುಂದ ಯಾವ ಹೆಣ್ಣಮಗಳೂ ನಿಮ್ಮಂಗ ಸುಮ್ಮನ ತ್ರಾಸ ಸಹಿಸಬಾರದು, ಅದಕ್ಕ” ಎಂದರು.

ಆ ಬಾಟಲಿಗಳು ಏನು ಹೇಳುತ್ತವೋ ಗೊತ್ತಾಗಲು ವರ್ಷಗಳು ಬೇಕಂತೆ. ಚಿಕಿತ್ಸೆ ಅದಕ್ಕೆ ಕಾಯಲಿಲ್ಲ. ಅತ್ತೆಗೆ ಗುಳಿಗೆ, ಹಾಲು ಕುಡಿಸುವ ನನಗೆ ಬರೀ ವ್ಯಾಯಾಮ. ಅವಸರವಾದಾಗ ಓಡದೆ ಕೆಳಗಿನ ಸ್ನಾಯು ಬಿಗಿಹಿಡಿದು ಸ್ವಲ್ಪ ತಡೆಯುವುದನ್ನು ಇಬ್ಬರೂ ಅಡುಗೆಮನೆಯಲ್ಲಿ ಕಲಿಯುತ್ತೇವೆ. ಇವರು ಬಂದು “ಇಬ್ರೂ ಯಾಕ ಗಪ್ಪನ ನಿಂತೀರಿ?” ಎಂದರೆ ಅತ್ತೆ “ಹಾಲು ಉಕ್ಕೂದು ಕಾಯಾಕತ್ತೇವಿ” ಎನ್ನುತ್ತಾರೆ. ಒಲೆಯ ಮೇಲೆ ಹಾಲೇ ಇರುವುದಿಲ್ಲ.

ಮೊನ್ನೆ ರವಿವಾರ ಲಕಮನಹಳ್ಳಿಯಲ್ಲಿ ಅತ್ತೆಯ ತಂಗಿಯ ಸೊಸೆಗೆ ಕುಬಸ. ಅತ್ತೆ ಚಿಗರಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರು, ಬಾಗಿಲ ಹತ್ತಿರ ಅಲ್ಲ. ಅಲ್ಲಿ ಎಲ್ಲರಿಗಿಂತ ಮುಂದೆ ಕೂತು ಲೋಟ ತುಂಬ ನೀರು ಕುಡಿದರು, ಬಸುರಿಯ ಉಡಿ ತುಂಬಿದರು, ಆರತಿಯ ಹಾಡನ್ನು ಕೊನೆಯ ನುಡಿಯವರೆಗೂ ಹಾಡಿದರು. ನಡುವೆ ನನ್ನ ಕಡೆ ನೋಡಿ ಒಮ್ಮೆ ಕಣ್ಣು ಹೊಡೆದರು, ಅವ್ವಾ, ಅರವತ್ತರ ಹತ್ತಿರದ ಹೆಂಗಸು. ಪೂರ್ತಿ ವಾಸಿಯಾಗಿದೆ ಎಂದು ನಾನು ಹೇಳುವುದಿಲ್ಲ, ಆದರೆ ಆ ಮುಖ ಊರು ಗೆದ್ದು ಬಂದವರ ಮುಖ.

ಇದನ್ನೆಲ್ಲ ನಿನಗೆ ಬರೆಯಲೇ ಎಂದು ಕೇಳಿದೆ. “ಬರಿ, ಆದ್ರ ನಿಮ್ಮಪ್ಪಗ ಓದಿ ಹೇಳಬ್ಯಾಡಂತನೂ ಬರಿ” ಎಂದರು. ಬರೆದಿದ್ದೇನೆ. ಅಪ್ಪನಿಗೆ ನಮಸ್ಕಾರ ಮಾತ್ರ ಹೇಳು, ಎಣ್ಣೆ ಹಚ್ಚಿಕೋ. ಯೋಗೀಶನ ಎರಡು ಹಲ್ಲಿನ ನಗು ನಿನಗೆ.

ನಿನ್ನ ಮಗಳು,
ವಾಣಿಶ್ರೀ

ತಾ.ಕ.: ಕೂಸು ಎದ್ದಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಬರುವ ರವಿವಾರ ಅತ್ತೆ ನವಲಗುಂದಕ್ಕೆ ಬರುತ್ತಿದ್ದಾರೆ, ಜಾವಳಕ್ಕೆ ನಿನ್ನನ್ನು ಕರೆಯಲು. ಜೊತೆಗೆ ಬರುತ್ತೇನೆಂದರೆ ನನ್ನನ್ನು ಬೇಡವೆಂದರು, ಒಬ್ಬರೇ ಬಸ್ಸಿಗೆ ಬರುತ್ತಾರಂತೆ. “ಅರ್ಧಕ್ಕ ಬಿಟ್ಟ ಉಡಿ ಪೂರಾ ತುಂಬಿಸಿಕೊಂಡ ಬರ್ತೇನಿ” ಎಂದಿದ್ದಾರೆ. ಅಕ್ಕಿ, ಕಾಯಿ ತೆಗೆದಿಡು. ಬಾಗಿಲಲ್ಲಿ ಅದೇ ತಂಬಿಗೆಯಲ್ಲಿ ನೀರು ಕೊಡು, ಕುಡಿಯುತ್ತಾರೆ. ಹಿತ್ತಲು ಯಾವ ಕಡೆ ಎಂದು ಅವರು ಕೇಳುವ ಮೊದಲು ನೀನೇ ತೋರಿಸಿಬಿಡು.